ಅಪ್ಪ-ಅಮ್ಮನಿಗೇ ಎಡಿಎಚ್‌ಡಿ ಇದ್ದರೆ: ಮನೆ, ಮಕ್ಕಳು ಮತ್ತು ಬೆಳಗಿನ ಎಂಟು ಗಂಟೆ

ಶಾಲೆ ಶುರುವಾಗುವ ಜೂನ್ ಬಂತೆಂದರೆ ಪರಿಚಯದವರಿಂದ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಕ್ಕಾ, ನನಗೂ ಎಡಿಎಚ್‌ಡಿ ಇದೆ ಅಂದಿದ್ದಾರೆ. ಮಕ್ಕಳನ್ನು ಹೇಗೆ ಸಂಭಾಳಿಸೋದು? ಬೆಳಗ್ಗೆ ಆದರೆ ಸಾಕು, ಮನೆ ರಣರಂಗ." ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಎರಡು ಮಕ್ಕಳ ತಾಯಿ. ನನಗೆ ಎಡಿಎಚ್‌ಡಿ ಇರುವುದು ಗೊತ್ತಾಗಿದ್ದು 37ನೇ ವಯಸ್ಸಿನಲ್ಲಿ. ಔಷಧಿಯ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಮನೋವೈದ್ಯರದೇ ಆಗಿರಲಿ.

ಮೊದಲು ಹೆಸರಿನ ಬಗ್ಗೆ ಎರಡು ಮಾತು. ಎಡಿಎಚ್‌ಡಿ ಅಂದರೆ ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಗಮನದ ಕೊರತೆ ಅಂತ ಕನ್ನಡದಲ್ಲಿ ಹೇಳುತ್ತಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ನಮಗೆ ಗಮನ ಇದೆ, ಅದರ ಲಗಾಮು ಕೈಲಿಲ್ಲ. ಒಲೆಯ ಮುಂದೆ ನಿಂತಿದ್ದರೂ ಹಾಲು ಉಕ್ಕುತ್ತದೆ. ಅದೇ, ಮನಸ್ಸಿಗೆ ಹಿಡಿಸಿದ ಕೆಲಸ ಸಿಕ್ಕರೆ ಊಟ ಮರೆತು ನಾಲ್ಕು ಗಂಟೆ ಕೂರುತ್ತೇವೆ. ಡಾಕ್ಟರ್‌ಗಳು 'ವರ್ಕಿಂಗ್ ಮೆಮೊರಿ' ಅನ್ನುತ್ತಾರಲ್ಲ, ಅಂದರೆ ಹಿಡಿದ ಕೆಲಸ ಮುಗಿಯುವ ತನಕ ತಲೆಯಲ್ಲಿ ನಿಲ್ಲಬೇಕಾದ ನೆನಪು, ಅದು ನಮ್ಮಲ್ಲಿ ಬೇಗ ಸೋರಿಹೋಗುತ್ತದೆ. ಕೆಲಸ ಶುರು ಮಾಡುವುದು, ಯಾವುದು ಮೊದಲು ಯಾವುದು ಆಮೇಲೆ ಅಂತ ಸರದಿ ಹಾಕುವುದು, ಹಿಡಿದದ್ದನ್ನು ಮುಗಿಸುವುದು, ಈ ಮೂರೂ ನಮಗೆ ಕಷ್ಟ. ಮಕ್ಕಳನ್ನು ಬೆಳೆಸುವುದು ಅಂದರೆ ದಿನವಿಡೀ ಈ ಮೂರೇ ಕೆಲಸ. ಅದಕ್ಕೇ ಮದುವೆಗೆ ಮುಂಚೆ ಹೇಗೋ ನಡೆದುಹೋಗುತ್ತಿದ್ದದ್ದು ಮಗು ಬಂದ ಮೇಲೆ ಕೈ ಮೀರುತ್ತದೆ.

ಕೆಳಗಿನ ಹಂತಗಳೆಲ್ಲದರ ಹಿಂದೆ ಇರುವ ವಿಚಾರ ಒಂದೇ. ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದನ್ನು ತಲೆಯಿಂದ ಹೊರಗೆ ಇಡಿ. ಗೋಡೆಗೆ, ಬಾಗಿಲಿಗೆ, ಗಂಟೆಯ ಸದ್ದಿಗೆ, ಇನ್ನೊಬ್ಬ ಮನುಷ್ಯರಿಗೆ ಒಪ್ಪಿಸಿ. 'ಈ ಸಲ ನೆನಪಿಟ್ಟುಕೊಳ್ತೀನಿ' ಅನ್ನುವ ಮಾತನ್ನು ಇವತ್ತಿಗೇ ಬಿಟ್ಟುಬಿಡಿ.

ಒಂದು ಎಚ್ಚರಿಕೆ ಈಗಲೇ ಹೇಳುತ್ತೇನೆ. ಇದನ್ನು ಓದಿದ ಹುಮ್ಮಸ್ಸಿನಲ್ಲಿ ಎಲ್ಲ ಹಂತಗಳನ್ನೂ ಇದೇ ಭಾನುವಾರ ಶುರು ಮಾಡಬೇಡಿ. ನಾವು ಎಡವುವುದೇ ಅಲ್ಲಿ. ಹೊಸ ಡೈರಿ, ಹೊಸ ಆ್ಯಪ್, ಹೊಸ ಪಟ್ಟಿ, ಬುಧವಾರದ ಹೊತ್ತಿಗೆ ಎಲ್ಲ ಮೂಲೆಗೆ. ಎರಡು ವಾರಕ್ಕೆ ಒಂದು ಹಂತ ಸಾಕು.

ಬೇಕಾಗುವ ಸಾಮಾನು

ಮುಳ್ಳಿರುವ ದೊಡ್ಡ ಗೋಡೆ ಗಡಿಯಾರ ಎರಡು. ಫೋನಿಗೆ ಸಂಬಂಧವಿಲ್ಲದ ಅಡುಗೆಮನೆ ಟೈಮರ್ ಒಂದು. ಬಾಗಿಲ ಹತ್ತಿರ ಇಡಲು ಅಗಲ ಬಾಯಿಯ ಬುಟ್ಟಿ, ಕೀ ತೂಗುಹಾಕಲು ಗೂಟ. ದೊಡ್ಡ ಚೌಕಗಳಿರುವ ತಿಂಗಳ ಕ್ಯಾಲೆಂಡರ್. ವರ್ಷದ ಕೊನೆಗೆ ಅಂಗಡಿಯವರು ಕೊಡುತ್ತಾರಲ್ಲ, ತಿಥಿ-ನಕ್ಷತ್ರ ಇರುವಂಥದ್ದು, ಅದೇ ಆಗುತ್ತದೆ. ಒಂದು ಬಿಳಿ ಬೋರ್ಡ್. ದುಬಾರಿ ಪ್ಲಾನರ್ ಬೇಡ. ಮುಚ್ಚಿಟ್ಟ ಪುಸ್ತಕ ನಮ್ಮ ಪಾಲಿಗೆ ಇಲ್ಲದಿದ್ದ ಹಾಗೆ.

ಹಂತ 1: ಅನುಮಾನ ಇದ್ದರೆ ಸರಿಯಾಗಿ ತೋರಿಸಿಕೊಳ್ಳಿ

ರೀಲ್ಸ್ ನೋಡಿ ನಿರ್ಧಾರಕ್ಕೆ ಬರಬೇಡಿ. ಮರೆವು, ಗಮನ ನಿಲ್ಲದಿರುವುದು, ಸಿಡುಕು, ಇವು ಥೈರಾಯ್ಡ್ ಏರುಪೇರಿನಲ್ಲೂ ಬರುತ್ತವೆ. ರಕ್ತ ಕಡಿಮೆ ಇದ್ದರೂ, ಖಿನ್ನತೆ ಇದ್ದರೂ, ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುವ ತೊಂದರೆ ಇದ್ದರೂ ಬರುತ್ತವೆ. ಆರು ತಿಂಗಳ ಮಗುವಿರುವ ಯಾವ ತಾಯಿಗೆ ತಾನೇ ತಲೆ ಓಡುತ್ತದೆ ಹೇಳಿ? ನಿದ್ದೆಗೆಟ್ಟ ತಲೆಗೂ ಎಡಿಎಚ್‌ಡಿ ತಲೆಗೂ ವ್ಯತ್ಯಾಸ ಗೊತ್ತಾಗುವುದು ಬಾಲ್ಯ ನೋಡಿದಾಗ. ಡಾಕ್ಟರ್‌ಗಳು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು. ಮನೆ ಮತ್ತು ಕೆಲಸದಂಥ ಎರಡಾದರೂ ಕಡೆ ಕಾಣಬೇಕು. ಲಕ್ಷಣಗಳನ್ನು ಗಮನ ನಿಲ್ಲದಿರುವುದು ಒಂದು, ಅತಿ ಚಟುವಟಿಕೆ-ದುಡುಕು ಇನ್ನೊಂದು ಅಂತ ಎರಡು ಗುಂಪು ಮಾಡಿದ್ದಾರೆ; 17 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಯಾವುದಾದರೂ ಒಂದು ಗುಂಪಿನ ಒಂಬತ್ತು ಲಕ್ಷಣಗಳ ಪೈಕಿ ಕನಿಷ್ಠ ಐದು ಇರಬೇಕು.

ಹೋಗುವಾಗ ಹಳೇ ಶಾಲೆಯ ಅಂಕಪಟ್ಟಿ ತೆಗೆದುಕೊಂಡು ಹೋಗಿ. 'ಬುದ್ಧಿ ಇದೆ, ಗಮನ ಇಲ್ಲ' ಅಂತ ಮೇಷ್ಟ್ರು ಬರೆದಿದ್ದರೆ ಅದೂ ಒಂದು ಸಾಕ್ಷಿ. ಸಾಧ್ಯವಾದರೆ ಅಮ್ಮನನ್ನೋ ಅಣ್ಣ-ಅಕ್ಕನನ್ನೋ ಕರೆದುಕೊಂಡು ಹೋಗಿ. ಚಿಕ್ಕಂದಿನ ನಿಮ್ಮನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಅವರು. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಎಎಸ್‌ಆರ್‌ಎಸ್ ಎಂಬ ಪಟ್ಟಿಯನ್ನು ಡಾಕ್ಟರ್ ನಿಮಗೆ ತುಂಬಲು ಕೊಡಬಹುದು. ಅದರ ಮೊದಲ ಆರು ಪ್ರಶ್ನೆಗಳು ಜರಡಿ ಹಿಡಿಯಲು ಮಾತ್ರ. ಅದರಲ್ಲಿ ಅಂಕ ಜಾಸ್ತಿ ಬಂದ ಮಾತ್ರಕ್ಕೆ ಕಾಯಿಲೆ ಖಚಿತವಾಗುವುದಿಲ್ಲ.

ಎಲ್ಲಿ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ. ದೂರ ಆದರೆ ಜಿಲ್ಲಾ ಆಸ್ಪತ್ರೆ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಹೋಗಿ. 'ದೊಡ್ಡವರ ಎಡಿಎಚ್‌ಡಿ ನೋಡುತ್ತೀರಾ?' ಅಂತ ಮೊದಲೇ ಕೇಳಿ. ಇದು ಮಕ್ಕಳ ಕಾಯಿಲೆ, ದೊಡ್ಡವರಿಗೆ ಇರಲ್ಲ ಅನ್ನುವವರು ಈಗಲೂ ಇದ್ದಾರೆ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನೋವೈದ್ಯರು ಔಷಧಿ ಬರೆಯಬಲ್ಲರು. ಮನಶ್ಶಾಸ್ತ್ರಜ್ಞರು ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಮಾಡುತ್ತಾರೆ, ಔಷಧಿ ಬರೆಯುವುದಿಲ್ಲ. ಇಬ್ಬರೂ ಬೇಕಾಗಬಹುದು.

ಹಂತ 2: ಮಾತ್ರೆ ಬರೆದರೆ, ಮುಗಿಯುವ ದಿನವನ್ನು ಮೊದಲು ಗುರುತು ಹಾಕಿ

ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವುದು ಮೀಥೈಲ್‌ಫೆನಿಡೇಟ್ ಅಥವಾ ಅಟಾಮೊಕ್ಸೆಟಿನ್. ಮೊದಲನೆಯದು ತೆಗೆದುಕೊಂಡ ದಿನವೇ ಕೆಲಸ ಮಾಡುತ್ತದೆ. ಎರಡನೆಯದರ ಗುಣ ಕಾಣಲು ಕೆಲವು ವಾರ ಬೇಕು. 'ಹತ್ತು ದಿನ ಆಯ್ತು, ಏನೂ ಆಗಲಿಲ್ಲ' ಅಂತ ನಡುವೆ ನಿಲ್ಲಿಸಬೇಡಿ. ಹಸಿವು ಕಡಿಮೆಯಾಗಬಹುದು, ನಿದ್ದೆ ಕೆಡಬಹುದು, ಬಿಪಿ ಮತ್ತು ನಾಡಿ ಏರಬಹುದು. ಅದಕ್ಕೇ ಡಾಕ್ಟರ್ ಬಿಪಿ ನೋಡುತ್ತಾರೆ. ಹೃದಯದ ತೊಂದರೆ ಇದ್ದರೆ, ಬಸುರಿಯಾಗಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಅವರು ಕೇಳುವ ಮುಂಚೆ ನೀವೇ ಹೇಳಿ.

ಮೀಥೈಲ್‌ಫೆನಿಡೇಟ್ ಸಿಗುವುದು ಸುಲಭವಲ್ಲ. ಅದು ಕಾನೂನಿನ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಅಂದರೆ ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳಬೇಕು. ಮಾರಲು ಬೇರೆ ಲೈಸೆನ್ಸ್ ಇರಬೇಕು, ಹಾಗಾಗಿ ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವುದಿಲ್ಲ. ಮರೆವಿರುವವರ ಮಾತ್ರೆಯನ್ನು ತರುವುದಕ್ಕೇ ಇಷ್ಟೆಲ್ಲ ನೆನಪು ಬೇಕು. ಆದ್ದರಿಂದ ಮಾತ್ರೆ ತಂದ ದಿನವೇ ಎಣಿಸಿ, ಅದು ಮುಗಿಯುವುದಕ್ಕೆ ಏಳು ದಿನ ಮುಂಚಿನ ಚೌಕದಲ್ಲಿ ಕೆಂಪು ಪೆನ್ನಿನಿಂದ 'ಮಾತ್ರೆ' ಅಂತ ಬರೆಯಿರಿ. ವಾರದ ಏಳು ಖಾನೆಯ ಡಬ್ಬಿ ಬಳಸಿ. 'ಇವತ್ತು ತಗೊಂಡ್ನಾ ಇಲ್ವಾ' ಅನ್ನುವ ಅನುಮಾನ ತಪ್ಪುತ್ತದೆ. ಅನುಮಾನ ಬಂದ ದಿನ ಇನ್ನೊಂದು ನುಂಗಬೇಡಿ. ಡಬ್ಬಿ ಮಕ್ಕಳ ಕೈಗೆ ಸಿಗದ ಹಾಗೆ ಬೀಗದೊಳಗೆ ಇರಲಿ. ಮಗನಿಗೂ ಇದೇ ತೊಂದರೆ ಇರಬಹುದು ಅಂತ ನಿಮ್ಮ ಮಾತ್ರೆಯಲ್ಲಿ ಅರ್ಧ ಅವನಿಗೆ ಕೊಡುವುದು ಎಂದಿಗೂ ಬೇಡ.

ಮಾತ್ರೆ ತೆಗೆದುಕೊಳ್ಳಲು ಮನಸ್ಸಿಲ್ಲದಿದ್ದರೂ ಮುಂದಿನ ಹಂತಗಳು ನಿಮಗೆ ಬೇಕಾಗುತ್ತವೆ. ತೆಗೆದುಕೊಂಡರೂ ಬೇಕಾಗುತ್ತವೆ.

ಹಂತ 3: ಹೊಸಿಲ ಪಕ್ಕದ ಬುಟ್ಟಿ

ನೀವು ಒಂದೇ ಒಂದು ಹಂತ ಮಾಡುವುದಾದರೆ ಇದನ್ನು ಮಾಡಿ.

ನಾಳೆ ಮನೆಯಿಂದ ಹೊರಗೆ ಹೋಗಬೇಕಾದ ಪ್ರತಿ ವಸ್ತುವೂ ಇವತ್ತು ರಾತ್ರಿಯೇ ಬಾಗಿಲ ಪಕ್ಕದ ಬುಟ್ಟಿಗೆ ಬರಬೇಕು. ಸಹಿ ಹಾಕಿದ ಡೈರಿ, ಪಿಟಿ ದಿನದ ಬಿಳಿ ಶೂ, ಐಡಿ ಕಾರ್ಡ್, ಡ್ರಾಯಿಂಗ್ ಶೀಟ್, ಹೊಲಿಯಲು ಕೊಡಬೇಕಾದ ಬಟ್ಟೆ, ನಿಮ್ಮ ಆಫೀಸ್ ಪಾಸ್, ಎಲ್ಲವೂ. ಶಾಲೆಯ ಬ್ಯಾಗ್ ಕೋಣೆಯಲ್ಲಿ ಇರಬಾರದು, ಬುಟ್ಟಿಯ ಪಕ್ಕವೇ ಇರಬೇಕು. ಕೀ ಗೂಟ ಅದರ ಮೇಲೆಯೇ ಇರಲಿ. ಮನೆಗೆ ಬಂದಾಗ ಚಪ್ಪಲಿ ಬಿಡುವ ಮುಂಚೆ ಕೀ ಗೂಟಕ್ಕೆ ಹೋಗಬೇಕು. ಹೀಗೆ ಮೊದಲೇ ಇರುವ ಒಂದು ಅಭ್ಯಾಸದ ಬಾಲಕ್ಕೆ ಹೊಸದನ್ನು ಕಟ್ಟಿದರೆ ಅದು ನಿಲ್ಲುತ್ತದೆ.

ಫ್ರಿಜ್‌ನಲ್ಲಿರುವ ಮೊಸರನ್ನದ ಡಬ್ಬಿಯನ್ನು ಹಿಂದಿನ ರಾತ್ರಿ ಬುಟ್ಟಿಯಲ್ಲಿ ಇಡಲಾಗದು. ಆಗ ಸ್ಕೂಟರ್ ಕೀಯನ್ನು ಆ ಡಬ್ಬಿಯ ಮೇಲೆ ಇಡಿ. ಕೀ ಇಲ್ಲದೆ ನೀವು ಹೊರಡುವ ಹಾಗಿಲ್ಲ, ಕೀ ತೆಗೆಯಲು ಹೋದರೆ ಡಬ್ಬಿ ಕಣ್ಣಿಗೆ ಬೀಳುತ್ತದೆ. ಇದನ್ನು ನೋಡಿದವರು ವಿಚಿತ್ರ ಅನ್ನಬಹುದು, ಅನ್ನಲಿ. ಮಗುವಿಗೆ ಊಟ ಸಿಕ್ಕಿತಲ್ಲ.

ಈ ಬುಟ್ಟಿ ಹದಿನೈದು ದಿನದಲ್ಲಿ ಕಸದ ಗೂಡಾಗುತ್ತದೆ. ಹಳೇ ರಸೀದಿ, ಛತ್ರಿ, ಒಂದು ಕಾಲಿನ ಸಾಕ್ಸ್ ಎಲ್ಲ ಬಂದು ಸೇರುತ್ತವೆ. ಭಾನುವಾರ ಸಂಜೆ ಅದನ್ನು ನೆಲಕ್ಕೆ ಸುರಿದು ಖಾಲಿ ಮಾಡಿ. ಮಕ್ಕಳಿಗೆ ಹೇಳಿದರೆ ಖುಷಿಯಿಂದ ಸುರಿಯುತ್ತಾರೆ.

ಹಂತ 4: ಸಮಯವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ

ಎಡಿಎಚ್‌ಡಿ ಇರುವವರಿಗೆ ಐದು ನಿಮಿಷವೂ ಮೂವತ್ತು ನಿಮಿಷವೂ ಒಳಗಿನಿಂದ ಒಂದೇ ಥರ ಅನ್ನಿಸುತ್ತವೆ. ಇದನ್ನು ಸಮಯ ಕುರುಡು ಅನ್ನಬಹುದು. ಫೋನಿನಲ್ಲಿ 7:40 ಅಂತ ಅಂಕಿ ಕಂಡರೆ ನಮಗೆ ಏನೂ ಆಗುವುದಿಲ್ಲ. ಗಡಿಯಾರದ ಮುಳ್ಳು ಎಂಟರ ಕಡೆ ಜರುಗುವುದು ಕಂಡರೆ ಹೊಟ್ಟೆಯಲ್ಲಿ ಚುರುಕ್ ಅನ್ನುತ್ತದೆ. ಅದಕ್ಕೇ ಮುಳ್ಳಿನ ಗಡಿಯಾರ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಬಚ್ಚಲಿನಿಂದ ಹೊರಬಂದರೆ ಎದುರಿಗೇ ಕಾಣುವ ಗೋಡೆಯಲ್ಲಿ.

ಒಂದು ದಿನ ಪೆನ್ನು ಹಿಡಿದು ಪ್ರತಿ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಬೇಕು ಅಂತ ಅಳೆಯಿರಿ. ಜಡೆ ಹಾಕಲು ಎರಡು ನಿಮಿಷ ಸಾಕು ಅಂದುಕೊಂಡಿದ್ದೆ, ಅಳೆದಾಗ ಒಂಬತ್ತು ನಿಮಿಷ ಆಯಿತು. ಆಮೇಲೆ ಹಿಂದಿನಿಂದ ಎಣಿಸಿ. ವ್ಯಾನ್ 8:10ಕ್ಕೆ. ಗೇಟಿಗೆ ಇಳಿಯಲು 8:02. ಶೂ 7:52. ತಿಂಡಿ 7:25. ಸ್ನಾನ 7:05. ಎಬ್ಬಿಸುವುದು 6:40. ಇದನ್ನು ಬಿಳಿ ಬೋರ್ಡಿನಲ್ಲಿ ಬರೆಯಿರಿ. ಓದಲು ಬಾರದ ಮಗುವಿಗೆ ಬ್ರಷ್, ಬಕೆಟ್, ತಟ್ಟೆ, ಶೂ ಅಂತ ಚಿತ್ರ ಬಿಡಿಸಿ. ಆಗ ಬೆಳಗ್ಗೆ ಕೂಗುವ ಕೆಲಸ ಬೋರ್ಡಿನ ಪಾಲಾಗುತ್ತದೆ. 'ಮುಂದೇನು, ಬೋರ್ಡ್ ನೋಡು ಕಂದಾ' ಅಂದರೆ ಸಾಕು.

ಫೋನಿನ ಅಲಾರಂ ಬೇಡ ಅಂತ ಯಾಕೆ ಹೇಳುತ್ತೇನೆ ಗೊತ್ತಾ? ಅಲಾರಂ ನಿಲ್ಲಿಸಲು ಫೋನ್ ಎತ್ತುತ್ತೀರಿ. ವಾಟ್ಸ್ಆ್ಯಪ್ ಕಾಣುತ್ತದೆ. ತಲೆ ಎತ್ತಿದಾಗ ಇಪ್ಪತ್ತು ನಿಮಿಷ ಹೋಗಿರುತ್ತದೆ. ಬೆಳಗ್ಗೆ 6:30ರಿಂದ ವ್ಯಾನ್ ಹೋಗುವವರೆಗೆ ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗೆ ಇರಲಿ.

ಹಂತ 5: ಒಲೆ, ನೀರು, ಕರೆಂಟ್

ಇಲ್ಲಿ ಮರೆವು ಅಂದರೆ ಅಪಾಯ. ಸಾಮಾನಿಗೆ ಸ್ವಲ್ಪ ದುಡ್ಡು ಖರ್ಚು ಮಾಡುವುದಾದರೆ ಇಲ್ಲೇ ಮಾಡಿ.

ನೀರಿನ ಬಕೆಟ್ಟಿಗೆ ಹಾಕುವ ಕಾಯಿಸುವ ರಾಡ್ ಇದ್ದರೆ ಇವತ್ತೇ ಮನೆಯಿಂದ ತೆಗೆಯಿರಿ. ಹಾಕಿ ಮರೆಯುವವರು ನಾವು, ಮುಟ್ಟಿ ನೋಡುವ ವಯಸ್ಸು ಮಕ್ಕಳದು. ಇವೆರಡೂ ಒಂದೇ ಮನೆಯಲ್ಲಿ ಇರುವಾಗ ಆ ರಾಡ್ ಇರಬಾರದು. ಹಾಲಿಗೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತನ್ನಿ. ಬೇಳೆ ಬೇಯಿಸುವಾಗ ಸೀಟಿ ಎಣಿಸುವುದು ತಪ್ಪಿಹೋಗುತ್ತದೆ, ಅಲ್ವಾ? ಎಣಿಸಬೇಡಿ, ಟೈಮರ್ ಇಡಿ, ಟೈಮರನ್ನು ಸೆರಗಿಗೋ ಜೇಬಿಗೋ ಸಿಕ್ಕಿಸಿಕೊಳ್ಳಿ. ಅಡುಗೆಮನೆಯಿಂದ ಹೊರಬರಲೇಬೇಕಾದರೆ ಸೌಟು ಕೈಯಲ್ಲೇ ಇರಲಿ. ಕೈಯಲ್ಲಿ ಸೌಟು ಯಾಕಿದೆ ಅಂತ ನೋಡಿಕೊಂಡಾಗ ಒಲೆ ನೆನಪಾಗುತ್ತದೆ. ಹೊತ್ತು ನಿಗದಿ ಮಾಡಿದರೆ ತಾನೇ ಆರಿಹೋಗುವ ಇಂಡಕ್ಷನ್ ಒಲೆಯೂ ಒಳ್ಳೆಯದು. ಸಂಪಿನ ಮೋಟಾರಿಗೆ ಟ್ಯಾಂಕ್ ತುಂಬಿದಾಗ ನಿಲ್ಲಿಸುವ ಕಂಟ್ರೋಲರ್ ಹಾಕಿಸಿ.

ಚಿಕ್ಕ ಮಗುವಿಗೆ ಸ್ನಾನ ಮಾಡಿಸುವಾಗ ಬಾಗಿಲು ಬಡಿದರೂ ಫೋನ್ ಬಂದರೂ ಹೋಗಬೇಡಿ. 'ಒಂದು ನಿಮಿಷ' ಅನ್ನುವುದು ನಮ್ಮ ಲೆಕ್ಕದಲ್ಲಿ ಎಷ್ಟು ನಿಮಿಷ ಅಂತ ನಮಗೇ ಗೊತ್ತಿಲ್ಲ. ಬಕೆಟ್ಟಿನ ಅಷ್ಟೇ ನೀರು ಕೂಸಿನ ಜೀವ ತೆಗೆಯಬಲ್ಲದು. ಹೋಗಲೇಬೇಕಾದರೆ ಮಗುವನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ. ಕಾರಿನಲ್ಲಿ ಹಿಂದಿನ ಸೀಟಲ್ಲಿ ಮಗು ಇದ್ದರೆ ನಿಮ್ಮ ಪರ್ಸ್ ಮತ್ತು ಫೋನನ್ನೂ ಹಿಂದಿನ ಸೀಟಲ್ಲೇ ಇಡಿ.

ಹಂತ 6: ಶಾಲೆಯ ಸಂದೇಶ, ಬಿಲ್ಲು, ಫೀಸು

ಇದನ್ನು ಬೇಗ ಮುಗಿಸುತ್ತೇನೆ. ಕರೆಂಟ್ ಬಿಲ್, ಫೋನ್ ಬಿಲ್, ವಿಮೆ, ಯಾವುದಕ್ಕೆಲ್ಲ ಆಟೊಪೇ ಸಾಧ್ಯವೋ ಎಲ್ಲಕ್ಕೂ ಹಾಕಿ. ಶಾಲೆಯ ಗುಂಪಿನಲ್ಲಿ ಸಂದೇಶ ಓದಿದ ಕೂಡಲೇ, ನಿಂತ ಜಾಗದಲ್ಲೇ, ಗೋಡೆಯ ಕ್ಯಾಲೆಂಡರಿಗೆ ಬರೆಯಿರಿ. 'ಆಮೇಲೆ ಬರೀತೀನಿ' ಅಂದರೆ ಅದು ಹೋಯಿತು. ಚಾರ್ಟ್ ಪೇಪರ್, ಬಣ್ಣದ ಹಾಳೆ, ಅಂಟು, ಬ್ರೌನ್ ಪೇಪರ್ ಒಂದೊಂದು ಕಟ್ಟು ಯಾವಾಗಲೂ ಮನೆಯಲ್ಲಿರಲಿ. ರಾತ್ರಿ ಒಂಬತ್ತಕ್ಕೆ ಅಂಗಡಿ ಹುಡುಕುವುದು ತಪ್ಪುತ್ತದೆ.

ಹಂತ 7: ಸಿಟ್ಟು ಬಂದಾಗ

ಹೆಚ್ಚು ಜನ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. "ಮಗುವಿನ ಮೇಲೆ ಕೂಗಾಡ್ತೀನಿ. ಆಮೇಲೆ ಬಚ್ಚಲಿಗೆ ಹೋಗಿ ಅಳ್ತೀನಿ."

ಭಾವನೆಗೆ ತಡೆ ಹಾಕುವುದು ಕಷ್ಟವಾಗುವುದು ಎಡಿಎಚ್‌ಡಿ ಇರುವ ಎಷ್ಟೋ ಜನರಲ್ಲಿ ಇದೆ. ನೀವು ಕೆಟ್ಟ ತಾಯಿ, ಕೆಟ್ಟ ತಂದೆ ಅಂತ ಇದರ ಅರ್ಥವಲ್ಲ. ಆದರೆ ಪೆಟ್ಟು ತಿನ್ನುವ ಮಗುವಿಗೆ ಕಾರಣ ಗೊತ್ತಿಲ್ಲ. ಅದಕ್ಕೆ ಭಯ ಮಾತ್ರ ಗೊತ್ತು. ಹಾಗಾಗಿ ಇದರ ಹೊಣೆ ನಮ್ಮದೇ.

ಒಂದು ವಾರ, ಕೂಗಿದ ಹೊತ್ತನ್ನು ಕ್ಯಾಲೆಂಡರಿನ ಚೌಕದಲ್ಲಿ ಬರೆಯಿರಿ. ಬೇರೇನೂ ಬೇಡ, ಗಂಟೆ ಮಾತ್ರ. ನನ್ನ ಮನೆಯಲ್ಲಿ ಅದು ಸಂಜೆ 6:30ರಿಂದ 7:30 ಇತ್ತು. ಮಾತ್ರೆಯ ಪ್ರಭಾವ ಇಳಿಯುವ ಹೊತ್ತು, ನನಗೆ ಹಸಿವಾಗುವ ಹೊತ್ತು, ಟಿವಿ, ಕುಕ್ಕರ್, ಹೋಂವರ್ಕ್ ಎಲ್ಲ ಒಟ್ಟಿಗೆ ಸದ್ದು ಮಾಡುವ ಹೊತ್ತು. ಸಿಟ್ಟಿನ ಬೇರು ಮಗುವಿನಲ್ಲಿರಲಿಲ್ಲ. ಆರಕ್ಕೆ ನಾನು ಏನಾದರೂ ತಿಂದು, ಟಿವಿ ಆರಿಸಿ, ಹೋಂವರ್ಕನ್ನು ಏಳೂವರೆಗೆ ದೂಡಿದೆ. ಅರ್ಧಕ್ಕರ್ಧ ಕಡಿಮೆಯಾಯಿತು. ನಿಮ್ಮ ಹೊತ್ತು ಬೇರೆ ಇರಬಹುದು. ಬರೆದರೆ ಮಾತ್ರ ಗೊತ್ತಾಗುತ್ತದೆ.

ಸಿಟ್ಟು ಏರುವುದು ದೇಹಕ್ಕೆ ಮೊದಲು ಗೊತ್ತಾಗುತ್ತದೆ. ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ. ಆಗ ಮಾಡಬೇಕಾದ ಒಂದೇ ಕೆಲಸವನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. 'ಅಮ್ಮ ನೀರು ಕುಡಿದು ಬರ್ತೀನಿ' ಅಂತ ಹೇಳಿ ಅಲ್ಲಿಂದ ಎದ್ದು ಹೋಗಿ. ಹೇಳದೆ ಹೋಗಬೇಡಿ, ಬಿಟ್ಟುಹೋದರು ಅಂತ ಮಗು ಹೆದರುತ್ತದೆ. ಕೂಗಿಬಿಟ್ಟಿದ್ದರೆ ತಣ್ಣಗಾದ ಮೇಲೆ ಹತ್ತಿರ ಕೂತು ಹೇಳಿ: "ನಾನು ಕೂಗಿದ್ದು ತಪ್ಪು ಪುಟ್ಟಾ. ನಿನ್ನಿಂದ ಆಗಿದ್ದಲ್ಲ. ನಂಗೆ ತುಂಬಾ ಗಲಾಟೆ ಅನ್ನಿಸ್ತು." ಅಷ್ಟೇ ಸಾಕು. ಇದಕ್ಕೆ 'ಆದ್ರೆ ನೀನೂ…' ಅಂತ ಬಾಲ ಸೇರಿಸಿದರೆ ಕ್ಷಮೆ ಕೇಳಿದ್ದು ವ್ಯರ್ಥ. ಮುದ್ದು ಮಾಡಲು ಆಟಿಕೆ, ಚಾಕೊಲೇಟ್ ಕೊಡಿಸುವುದೂ ಬೇಡ.

ಕೈ ಎತ್ತುವ ಮಟ್ಟಕ್ಕೆ ಹೋಗುತ್ತಿದ್ದರೆ, ಅಥವಾ 'ನಾನು ಇಲ್ಲದಿದ್ದರೇ ಇವರಿಗೆ ಒಳ್ಳೆಯದು' ಅನ್ನುವ ಯೋಚನೆ ಬರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವತ್ತೇ 14416ಕ್ಕೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ. ಎಡಿಎಚ್‌ಡಿ ಜೊತೆ ಖಿನ್ನತೆ, ಆತಂಕ ಇರುವುದು ಸಾಮಾನ್ಯ. ಅವಕ್ಕೂ ಚಿಕಿತ್ಸೆ ಇದೆ.

ಹಂತ 8: ಮನೆಯವರಿಗೆ ಹೇಳುವುದು

ಅತ್ತೆಯವರಿಗೆ, ಅಪ್ಪನಿಗೆ ಕಾಯಿಲೆಯ ಹೆಸರು ಹೇಳಿ ಪಾಠ ಮಾಡಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ' ಅನ್ನುತ್ತಾರೆ. ಹೆಸರಿನ ಬದಲು ಕೆಲಸ ಹೇಳಿ. "ಅತ್ತೆ, ಒಲೆ ಮೇಲೆ ಏನಾದರೂ ಇಟ್ಟಾಗ ಮರೀತೀನಿ. ಹತ್ತು ನಿಮಿಷ ಬಿಟ್ಟು ಒಂದ್ಸಲ ನೆನಪು ಮಾಡ್ತೀರಾ?" ಇಂಥ ಮಾತಿಗೆ ಒಪ್ಪದ ಹಿರಿಯರು ಕಡಿಮೆ.

ಗಂಡ-ಹೆಂಡತಿ ನಡುವೆ ಕೆಲಸ ಹಂಚುವಾಗ 'ಅರ್ಧ ನೀನು ಅರ್ಧ ನಾನು' ಅಂದರೆ ನಡೆಯುವುದಿಲ್ಲ. ಒಂದು ಕೆಲಸ ಪೂರ್ತಿ ಒಬ್ಬರದು ಆಗಲಿ. ಲಸಿಕೆ, ಫೀಸು, ಡಾಕ್ಟರ್ ಎಲ್ಲ ಅವರದು ಅಂದರೆ ದಿನಾಂಕ ನೆನಪಿಡುವುದೂ ಅವರದೇ. ನಿಮ್ಮದು ಕಥೆ ಹೇಳುವುದು, ಆಟ, ಸೈಕಲ್ ಕಲಿಸುವುದು ಆಗಿರಬಹುದು. ನೆಲದ ಮೇಲೆ ಕೂತು ಮಗುವಿನ ಜೊತೆ ಪೂರ್ತಿ ಮುಳುಗುವುದು ನಮ್ಮಲ್ಲಿ ಎಷ್ಟೋ ಜನರಿಗೆ ಸಲೀಸಾಗಿ ಬರುತ್ತದೆ. ಅದು ಕಡಿಮೆ ಕೆಲಸ ಏನಲ್ಲ.

ಬೇಸರದ ಕೆಲಸ ಶುರುವಾಗದಿದ್ದರೆ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಸಹಾಯ ಮಾಡಬೇಕಾಗಿಲ್ಲ, ಸುಮ್ನೆ ಇದ್ದರೆ ಸಾಕು. ಇದಕ್ಕೆ ಇಂಗ್ಲಿಷಿನಲ್ಲಿ ಬಾಡಿ ಡಬ್ಲಿಂಗ್ ಅನ್ನುತ್ತಾರೆ. ನಮ್ಮ ಅಜ್ಜಿಯರು ನಾಲ್ಕು ಜನ ಸೇರಿ ಹಪ್ಪಳ ಒತ್ತುತ್ತಿದ್ದರಲ್ಲ, ಹಾಗೆ. ಬಟ್ಟೆ ಮಡಚುವಾಗ ತಂಗಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟರೂ ನಡೆಯುತ್ತದೆ.

ಮಗುವಿಗೂ ಇದ್ದರೆ?

ಇರುವ ಸಾಧ್ಯತೆ ಇದೆ. ಎಡಿಎಚ್‌ಡಿಯಲ್ಲಿ ವಂಶದ ಪಾಲು ದೊಡ್ಡದು. ಅವಳಿಗಳ ಮೇಲಿನ ಅಧ್ಯಯನಗಳು ಅದನ್ನು ಶೇ 70ರಿಂದ 80 ಅನ್ನುತ್ತವೆ. ನಿಮ್ಮ ಮಗುವಿಗೆ ಬರುವ ಸಾಧ್ಯತೆಯೇ ಅಷ್ಟು ಅಂತ ಇದರ ಅರ್ಥವಲ್ಲ. ಮಗುವನ್ನು ತೋರಿಸಲು ಹೋಗಿ ತಮಗೂ ಇರುವುದು ತಿಳಿದುಕೊಂಡ ತಂದೆ-ತಾಯಿ ಬಹಳ ಇದ್ದಾರೆ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಎತ್ತರ, ಮೂಗು ಬಂದ ಹಾಗೆ ಇದೂ ಬಂದಿದೆ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಸೂಚಿಸುವುದು ಮಾತ್ರೆಯನ್ನಲ್ಲ, ಮಗುವನ್ನು ನಡೆಸಿಕೊಳ್ಳುವ ಬಗ್ಗೆ ತಂದೆ-ತಾಯಿಗೆ ಕೊಡುವ ತರಬೇತಿಯನ್ನು. ಅದನ್ನು ಕೇಳಿ ಪಡೆಯಿರಿ. ಮೇಲಿನ ಬುಟ್ಟಿ, ಬೋರ್ಡ್, ಗಡಿಯಾರ ನಿಮಗೆ ಮಾಡಿಕೊಂಡದ್ದು ಮಗುವಿಗೂ ಆಗಿಬರುತ್ತದೆ.

ಹಂತ 9: ಏನೂ ಆಗದ ದಿನಕ್ಕೆ ಒಂದು ಚೀಟಿ

ಎಲ್ಲ ಕೈಬಿಟ್ಟುಹೋಗುವ ದಿನ ಬರುತ್ತದೆ. ನಿದ್ದೆ ಇರುವುದಿಲ್ಲ, ಮಾತ್ರೆ ಸಿಕ್ಕಿರುವುದಿಲ್ಲ, ಮಗುವಿಗೆ ಜ್ವರ. ಹೆಂಗಸರಿಗೆ ಮುಟ್ಟಿನ ಹಿಂದಿನ ದಿನಗಳಲ್ಲೂ ತಲೆ ಹೆಚ್ಚು ಚದುರಿದ ಹಾಗೆ ಆಗಬಹುದು. ಆ ದಿನಕ್ಕೆ ಬೇಕಾದ್ದನ್ನು ತಲೆ ಸರಿ ಇರುವ ಇವತ್ತೇ ಬರೆದಿಡಿ. ನನ್ನ ಚೀಟಿಯಲ್ಲಿ ಇರುವುದು ಇಷ್ಟು: ಮಕ್ಕಳಿಗೆ ಅವಲಕ್ಕಿ ಮೊಸರು, ಬಾಳೆಹಣ್ಣು. ಗ್ಯಾಸ್ ಆಫ್. ಸ್ನಾನ ಬೇಡ, ಮುಖ ತೊಳೆದರೆ ಸಾಕು. ಹೋಂವರ್ಕ್ ಆಗದಿದ್ದರೆ ಟೀಚರಿಗೆ ಒಂದು ಸಾಲು. ತಂಗಿಗೆ ಫೋನ್. ಒಂಬತ್ತಕ್ಕೆ ಎಲ್ಲರೂ ಹಾಸಿಗೆಗೆ.

ಬರೆದ ಚೀಟಿಯನ್ನು ಡ್ರಾಯರಿನಲ್ಲಿ ಇಡಬೇಡಿ. ಅವಲಕ್ಕಿ ಡಬ್ಬಿ ಇರುವ ಕಪಾಟಿನ ಬಾಗಿಲಿನ ಒಳಗಡೆ ಅಂಟಿಸಿ. ಆ ದಿನ ಎಲ್ಲಿ ಇಟ್ಟೆ ಅಂತ ಹುಡುಕುವ ತ್ರಾಣವೂ ಇರುವುದಿಲ್ಲ.